ರಿನೋವೇಶನ್ ಆದ್ಮ್ಯಾಲ ಶಾಬಾದಿ ಫರಸಿ ಮ್ಯಾಲಿನ ಸಿಮೆಂಟ್ ಕಲಿ ತೆಗಿಲಿಕ್ಕ ಯಾವ ಆಸಿಡ್ ಚೊಲೋ?

ಯಾವ ಆಸಿಡೂ ಚೊಲೋ ಅಲ್ರಿ. ಬಾಟಲಿ ಆಗಲೇ ತಂದಿದ್ರ ಮುಚ್ಚಳ ತೆಗಿಬ್ಯಾಡ್ರಿ, ಮೊದ್ಲ ನಂದು ಕೇಳ್ರಿ.

ನಮ್ಮದು ಕಲಬುರಗಿ ಬ್ರಹ್ಮಪುರದಾಗ ಮುತ್ಯಾ ಕಟ್ಟಿಸಿದ ಮನಿ. ಪಡಸಾಲಿ ತುಂಬ ಶಾಬಾದಿ ಫರಸಿ, ಅಂದ್ರ ಶಹಾಬಾದ್ ಕಡಿ ಹಾಸುಗಲ್ಲು, ಮಂದಿ ಓಡಾಡಿ ಓಡಾಡಿ ಕನ್ನಡಿ ಆಗಿತ್ತು, ಬ್ಯಾಸಗ್ಯಾಗ ಅದ್ರ ಮ್ಯಾಲ ಬರೇ ಮೈಲೆ ಮಲಗಿದ್ರ ಕೂಲರ್ ಬ್ಯಾಡ. ಮೂರು ವರ್ಷದ ಹಿಂದ ಅಡಿಗಿಮನಿ ಒಡದು ಗ್ರಾನೈಟ್ ಕಟ್ಟಿ ಹಾಕ್ಸಿದ್ವಿ, ಗ್ವಾಡಿಗಿ ಗಿಲಾವು, ಪುಟ್ಟಿ, ಬಣ್ಣ, ಎಲ್ಲಾ. ಗೌಂಡಿಗಿ ಅಂಗಳದಾಗ ಮಾಲು ಕಲಸಪ್ಪಾ ಅಂತ ಒಂದು ಮಾತು ಹೇಳದೆ ನಾ ಆಫೀಸಿಗಿ ಹೋದೆ, ಅವ ಪಡಸಾಲ್ಯಾಗೇ ಉಸುಕು ಸಿಮೆಂಟು ಸುರುವಿ ಕಲಸ್ಯಾನ. ಕೆಲಸ ಮುಗಿಯೋದ್ರಾಗ ಅಪ್ಪನ ಜಾತ್ರಿಗಿ, ಅಂದ್ರ ಶರಣಬಸವೇಶ್ವರ ಜಾತ್ರಿಗಿ, ನಾಕೇ ದಿನ, ಬೀದರಿಂದ ಅಕ್ಕ, ಮಾವ, ಮಕ್ಕಳು ಮರಿ ಹನ್ನೆರಡು ಮಂದಿ ಬರೋರು, ಇಲ್ಲಿ ನೆಲದ ಮ್ಯಾಲ ಬೆಳ್ಳನ ಹೆಪ್ಪು ಹೆಪ್ಪು.

ಸೈಕಲ್ ಮ್ಯಾಲ ಆಸಿಡ್ ಫಿನೈಲ್ ಮಾರೋನು ಓಣ್ಯಾಗ ಬಂದ. ಎರಡು ಬಾಟಲಿ ತಗೊಂಡೆ. ಸುರುವಿದ ಕೂಡ್ಲೆ ಬುರುಬುರು ನೊರಿ ಎದ್ದಿತು ನೋಡ್ರಿ, ನನಗೋ ಭಾಳ ಖುಷಿ! ಹೊಲಸು ಬಿಡ್ಲಕತ್ತದ ಅಂತ ಅವ್ವನ್ನ ಕರದು ತೋರ್ಸೀನಿ. ಖರೇ ಹೇಳ್ಬೇಕಂದ್ರ ಅಲ್ಲಿ ಬುರುಗು ಬರ್ಲಕತ್ತಿದ್ದು ನಮ್ಮ ಕಲ್ಲೇ. ನನಗ ತಿಳೀಲಿಲ್ಲ, ಎರಡನೇ ಬಾಟಲಿನೂ ಖಾಲಿ ಮಾಡಿ ಕಸಬರಗಿ ಹಚ್ಚಿ ತಿಕ್ಕೀನಿ.

ಇಲ್ಲೇ ತಪ್ಪಿದ್ದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶಾಬಾದಿ ಅಂದ್ರ ಸುಣ್ಣದ ಕಲ್ಲು. ಸೇಡಂ, ವಾಡಿ, ಶಹಾಬಾದ್ ಕಡಿ ಸಿಮೆಂಟ್ ಫ್ಯಾಕ್ಟರಿ ಯಾಕ ಬಂದಾವ? ಅಲ್ಲಿ ನೆಲದಾಗ ಇದೇ ಸುಣ್ಣದ ಕಲ್ಲು ಅದಂತ, ಅದನ್ನೇ ಮಣ್ಣಿನ ಸಂಗಟ ಭಟ್ಟ್ಯಾಗ ಸುಟ್ಟು ಅರದು ಸಿಮೆಂಟ್ ಮಾಡ್ತಾರ. ಅಂದ್ರ ಕಲಿನೂ ಅದೇ ಜಾತಿ, ಕಲ್ಲೂ ಅದೇ ಜಾತಿ, ಅಣ್ಣತಮ್ಮಂದ್ರು ಇದ್ದಂಗ. ಆಸಿಡಿಗಿ ಇದು ಸಿಮೆಂಟು, ಇದು ಫರಸಿ ಅಂತ ಗುರ್ತು ಹತ್ತಂಗಿಲ್ಲ, ಎರಡೂ ತಿಂತದ. ಮ್ಯಾಲ ಹೆಪ್ಪಿನ ಸಿಮೆಂಟ್ ದಪ್ಪ ಇರ್ತದ, ಅದು ಕರಗೋದ್ರಾಗ ಬಾಜೂಕಿನ ಕಲ್ಲಿನ ಹೊಳಪು ಹೋಗೇ ಬಿಡ್ತದ. ನೀರು ಹಾಕಿ ತೊಳದಾಗ ಏನೂ ಕಾಣಂಗಿಲ್ಲ, ಹಸಿ ಇದ್ದಾಗ ಎಲ್ಲಾ ಕರ್ರಗೇ ಇರ್ತದ. ಮುಂಜಾನಿ ಎದ್ದು ನೋಡಿದ್ರ ಆಸಿಡ್ ಹರದ ದಾರಿ ಪೂರಾ ಬೂದಿ ಬಳದಂಗ ಬೆಳ್ಳಗ, ಕೈ ಆಡಿಸಿದ್ರ ಒರಟು. ಒರೆಸಿದ್ರ ಹೋಗೋ ಕಲಿ ಅಲ್ರಿ ಅದು, ಕಲ್ಲೇ ಸವದದ್ದು. ಲಿಂಬಿಹಣ್ಣು, ವಿನೆಗರ್, ಪಾಯಖಾನಿ ತೊಳಿಯೋ ಬಾಟಲಿ, ಎಲ್ಲಾ ಇದೇ ಕತಿ. ಮತ್ತ ಆಸಿಡ್ ಬಿದ್ದ ಜಾಗಕ್ಕ ಬ್ಲೀಚಿಂಗ್ ಪೌಡರ್ ಅಂತೂ ಹಾಕ್ಲೇಬ್ಯಾಡ್ರಿ, ಕ್ಲೋರಿನ್ ಗಾಳಿ ಏಳ್ತದ, ಉಸುರು ಕಟ್ತದ.

ಜಾತ್ರಿ ಹಂಗೇ ಆಯ್ತು, ಬಂದವರೆಲ್ಲ ನೆಲಾ ನೋಡಿ ಏನಾಯ್ತೋ ಅಂತ ಕೇಳೋರೇ. ಆಮ್ಯಾಲ ಪಾಲಿಶ್ ಮಷಿನ್ ತರ್ಸಿದ್ವಿ. ಅದ್ರ ರಾಡಿ ಹೊಸಾ ಬಣ್ಣದ ಗ್ವಾಡಿಗಿ ಮೊಳಕಾಲೆತ್ತರ ಸಿಡದು ಮತ್ತ ಪೇಂಟರ್‌ನ ಕರಸಬೇಕಾಯ್ತು.

ನೀವು ಹಿಂಗ ಮಾಡ್ರಿ. ಫ್ಯಾನು, ಗ್ವಾಡಿ, ಕಿಡಕಿ ಮೊದ್ಲು, ನೆಲ ಕಡೀಕ, ಇಲ್ಲಂದ್ರ ಒರೆಸಿದ್ದೇ ಒರೆಸ್ತಾ ಕುಂದರ್ತೀರಿ. ಉದುರಿದ ಸಿಮೆಂಟ್ ಧೂಳಿನ ಮ್ಯಾಲ ಬಕೆಟ್‌ಗಟ್ಲೆ ನೀರು ಸುರುವಬ್ಯಾಡ್ರಿ, ಸಿಮೆಂಟಿಗಿ ಬೇಕಾಗಿದ್ದೇ ನೀರು, ಹೆಪ್ಪುಗಟ್ತದ. ಬಡಿಗ್ಯಾರ ಹತ್ರ ಕಟಗಿ ಹೊಟ್ಟು ಸಿಗ್ತದ, ಅದನ್ನ ಸ್ವಲ್ಪ ಹಸಿ ಮಾಡಿ ಚೆಲ್ಲಿ ಗುಡಿಸ್ರಿ, ಧೂಳು ಮ್ಯಾಲೂ ಏಳಂಗಿಲ್ಲ. ಬಾಯಿಗಿ ಮಾಸ್ಕ್ ಇರ್ಲಿ. ಹೆಪ್ಪಿದ್ದಲ್ಲಿ ಹಸಿ ಅರಬಿ ಒಂದು ತಾಸು ಹಾಕಿ, ಪುಟ್ಟಿ ಪಟ್ಟಿ ಅಡ್ಡ ಹಿಡದು ಸವಕಾಶ ಕೆರಿರಿ, ಚೂಪು ತುದಿ ಕಲ್ಲಿಗಿ ತಾಗಬಾರ್ದು. ಆಮ್ಯಾಲ ಪಾತ್ರಿ ತಿಕ್ಕೋ ಸೋಪಿನ ನೀರು, ಅದ್ರಾಗೂ ಲಿಂಬಿಹುಳಿ ಇಲ್ಲದ್ದು. ತೆಳ್ಳನ ಬಿಳಿ ಪದರ ಉಳದ್ರ ಉಳೀಲಿ ಬಿಡ್ರಿ, ಜಾತ್ರಿನೋ ಪೂಜಿನೋ ಏನದನೋ ಅದು ಆ ಬಿಳುಪಿನ ಮ್ಯಾಲೇ ಆಗ್ಲಿ.

ಕ್ಲೀನಿಂಗ್‌ನವ್ರನ್ನ ಕರಸೋದು ಬಿಡೋದು ನಿಮಗ ಬಿಟ್ಟದ್ದು, ಆದ್ರ ಡಬ್ಬ್ಯಾಗ ಏನದ ಅಂತ ಕೇಳ್ರಿ, ಆಸಿಡ್ ವಾಶ್ ಅಂದ್ರ ಬಾಗಲದಾಗಿಂದೇ ಚಾ ಕುಡಿಸಿ ಕಳಸ್ರಿ. ನಮ್ಮ ಪಡಸಾಲಿ ಒಂದು ಮೂಲ್ಯಾಗ ಮಷಿನ್ ಹೋಗ್ಲಿಲ್ಲ, ಅಲ್ಲಿ ಪಲಂಗ ಹಾಕೀವಿ. ಅವ್ವ ಮಾತ್ರ ಯಾರೇ ಬರ್ಲಿ ಚಾದರ ಎತ್ತಿ ಕೆಳಗ ತೋರಸ್ತಾಳ, ನಮ್ಮ ಮಗಂದು ಕೆಲಸ ನೋಡ್ರಿ ಅಂತ.