ಬೆಳ್ಳಿ ಜಾಸ್ತಿ ಹಾಕಿದರೆ ಸೋಲಾರ್ ಸೆಲ್ ಸುಧಾರಿಸುತ್ತದೆಯೇ?

ಪ್ರಶ್ನೆ: ನಾವು ಪ್ರಯೋಗಾಲಯದಲ್ಲಿ ಸಿಲಿಕಾನ್ ಸೋಲಾರ್ ಸೆಲ್ ಮಾಡುತ್ತಿದ್ದೇವೆ. ವೋಲ್ಟೇಜ್ 630 ಮಿಲಿವೋಲ್ಟ್ ಬರುತ್ತದೆ, ಆದರೆ ಫಿಲ್ ಫ್ಯಾಕ್ಟರ್ (ಸೆಲ್‌ನ ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟ್‌ನ ಗುಣಲಬ್ಧದಲ್ಲಿ ನಿಜವಾಗಿ ಸಿಗುವ ಗರಿಷ್ಠ ಶಕ್ತಿಯ ಪಾಲು) ಶೇ. 70 ದಾಟುತ್ತಿಲ್ಲ. ಮುಂಭಾಗದ ಬೆಳ್ಳಿ ಗೆರೆಗಳ ಮೇಲೆ ಇನ್ನೊಮ್ಮೆ ಪ್ರಿಂಟ್ ಮಾಡಿ ದಪ್ಪ ಹೆಚ್ಚಿಸಿದರೂ ಬದಲಾವಣೆ ಇಲ್ಲ. ಗೆರೆ ಪ್ರಿಂಟ್ ಮಾಡುವ ಬೆಳ್ಳಿ ಪೇಸ್ಟ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಗೆರೆ ದಪ್ಪವಾದರೂ ಫಿಲ್ ಫ್ಯಾಕ್ಟರ್ ಅಲುಗಲಿಲ್ಲ ಅಂದರೆ, ಬೆಳ್ಳಿಯ ಉದ್ದಕ್ಕೂ ಕರೆಂಟ್ ಹರಿಯುವುದಕ್ಕೆ ತೊಂದರೆ ಇಲ್ಲ. ನನ್ನ ಅನುಮಾನ ಬೆಳ್ಳಿ ಸಿಲಿಕಾನ್‌ಗೆ ತಾಗುವ ಜಾಗದ ಮೇಲೆ.

ಅಲ್ಲಿ ಆಗುವುದೇನು ಅಂದರೆ, ಸೆಲ್‌ನ ಮೇಲೆ ಸುಮಾರು 75 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪದರ ಇರುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಪೇಸ್ಟ್‌ನಲ್ಲಿ ಬೆಳ್ಳಿ ಪುಡಿಯ ಜೊತೆ ಸ್ವಲ್ಪ ಗಾಜಿನ ಪುಡಿಯೂ ಇದೆಯಲ್ಲ, ಫರ್ನೇಸ್‌ನಲ್ಲಿ ಅದು ಕರಗಿ ಈ ಪದರವನ್ನು ತಿನ್ನುತ್ತದೆ. ಒಂದಿಷ್ಟು ಬೆಳ್ಳಿ ಆ ಗಾಜಿನಲ್ಲಿ ಕರಗುತ್ತದೆ. ಕೊನೆಗೆ ಸಿಲಿಕಾನ್ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬೆಳ್ಳಿ ಹರಳುಗಳು ಉಳಿಯುತ್ತವೆ. ಕರೆಂಟ್ ದಾಟುವುದು ಬಹುಪಾಲು ಇವುಗಳ ಮೂಲಕವೇ. ಬಿಸಿ ಕಡಿಮೆಯಾದರೆ ನೈಟ್ರೈಡ್ ಪೂರ್ತಿ ಹೋಗುವುದಿಲ್ಲ. ಜಾಸ್ತಿಯಾದರೆ ನಡುವೆ ಗಾಜು ದಪ್ಪಗೆ ಕೂರುತ್ತದೆ, ಇಲ್ಲವೇ ಬೆಳ್ಳಿ ಜಂಕ್ಷನ್‌ವರೆಗೂ (ಒಳಗೆ ಎರಡು ಬಗೆಯ ಸಿಲಿಕಾನ್ ಸೇರುವ ಗಡಿಯವರೆಗೂ) ಇಳಿದು ಶಾರ್ಟ್ ಆಗುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಡೆಯುತ್ತದೆ!

ಹಾಗಾಗಿ ಮೊದಲು ಅಳೆಯಿರಿ. ಸನ್ಸ್-ವಿಒಸಿ ಪರೀಕ್ಷೆಯಲ್ಲಿ ಕರೆಂಟ್ ಎಳೆಯದೆ, ಬೆಳಕು ಬದಲಿಸುತ್ತಾ ವೋಲ್ಟೇಜ್ ಅಳೆಯುತ್ತೇವೆ, ಹಾಗಾಗಿ ಸರಣಿ ರೋಧದ (ಕರೆಂಟ್ ಹರಿಯುವ ದಾರಿಯ ಒಟ್ಟು ರೋಧದ) ಪ್ರಭಾವ ಇರುವುದಿಲ್ಲ. ಅದರಲ್ಲಿ ಫಿಲ್ ಫ್ಯಾಕ್ಟರ್ ಶೇ. 80ರ ಮೇಲಿದ್ದರೆ ದೋಷ ಸರಣಿ ರೋಧದ್ದೇ. ಅಲ್ಲೂ ಕಡಿಮೆ ಇದ್ದರೆ ಜಂಕ್ಷನ್ ಕೆಟ್ಟಿದೆ, ಆಗ ಬಿಸಿ ಇಳಿಸಬೇಕಾಗಬಹುದು. ಸರಣಿ ರೋಧ ಅಂತ ಗೊತ್ತಾದರೆ ಸೆಲ್‌ನಿಂದ ಒಂದು ಪಟ್ಟಿ ಕತ್ತರಿಸಿ, ಸಂಪರ್ಕದ ರೋಧ ಅಳೆಯುವ ಟಿಎಲ್ಎಂ ಪರೀಕ್ಷೆ ಮಾಡಿ. ಒಂದೊಂದು ಅಂತರದಲ್ಲಿರುವ ಗೆರೆಗಳ ನಡುವಿನ ರೋಧ ಅಳೆದು ಗ್ರಾಫ್ ಹಾಕಿ. ಅಂತರ ಸೊನ್ನೆ ಇರುವಲ್ಲಿ ರೇಖೆ ತೋರಿಸುವ ರೋಧದ ಅರ್ಧ ಒಂದು ಸಂಪರ್ಕದ್ದು. ಚೆನ್ನಾಗಿ ಕೂತ ಸಂಪರ್ಕದಲ್ಲಿ, ವಿಸ್ತೀರ್ಣವನ್ನೂ ಸೇರಿಸಿದ ಲೆಕ್ಕ ಕೆಲವೇ ಮಿಲಿಓಮ್-ಚದರ ಸೆಂಟಿಮೀಟರ್ ಬರಬೇಕು.

ಜಾಸ್ತಿ ಬಂದರೆ ಫರ್ನೇಸ್‌ನ ಗರಿಷ್ಠ ಬಿಸಿಯನ್ನು 10 ಡಿಗ್ರಿಯಂತೆ ಬದಲಿಸುತ್ತಾ ಹೋಗಿ. ಪರದೆ ಮೇಲಿನ ಸಂಖ್ಯೆಯನ್ನು ದಯವಿಟ್ಟು ನಂಬಬೇಡಿ. ವೇಫರ್‌ಗೇ (ಸಿಲಿಕಾನ್ ಬಿಲ್ಲೆಗೇ) ಥರ್ಮೋಕಪಲ್ ಎಂಬ ಬಿಸಿ ಅಳೆಯುವ ತಂತಿ ಕಟ್ಟಿ ನೋಡಿ, ಎರಡಕ್ಕೂ ಎಷ್ಟೋ ವ್ಯತ್ಯಾಸ ಇರುತ್ತದೆ.

ಅದೂ ಸಾಲದಿದ್ದರೆ ಎಮಿಟರ್, ಅಂದರೆ ರಂಜಕ ಬೆರೆಸಿದ ಮೇಲಿನ ತೆಳು ಸಿಲಿಕಾನ್ ಪದರ ನೋಡಿ. ಮೇಲ್ಮೈಯಲ್ಲಿ ರಂಜಕ ಕಡಿಮೆ ಇದ್ದರೆ ಯಾವ ಪೇಸ್ಟ್ ಆದರೂ ಸಂಪರ್ಕ ಕಷ್ಟ. ಹಾಗಂತ ಎಲ್ಲೆಡೆ ರಂಜಕ ಹೆಚ್ಚಿಸಿದರೆ ವೋಲ್ಟೇಜ್ ಬೀಳುತ್ತದೆ. ಲೇಸರ್‌ನಿಂದ ಗೆರೆಯ ಕೆಳಗೆ ಮಾತ್ರ ಹೆಚ್ಚಿಸುವುದು ನನಗೆ ಇಷ್ಟವಾದ ದಾರಿ. ಫೈರಿಂಗ್ (ಫರ್ನೇಸ್‌ನಲ್ಲಿ ಕಾಯಿಸುವುದು) ಆದ ಮೇಲೆ ಹಿಮ್ಮುಖ ವೋಲ್ಟೇಜ್ ಕೊಟ್ಟು, ಗೆರೆಯ ಪಕ್ಕದಲ್ಲಿ ಲೇಸರ್ ಹಾಯಿಸಿ ಸಂಪರ್ಕ ಸುಧಾರಿಸುವ ವಿಧಾನವೂ ಇದೆ. ಟಾಪ್‌ಕಾನ್ ಎಂಬ ಬಗೆಯ ಸಿಲಿಕಾನ್ ಸೆಲ್‌ಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇರೆ ಯಂತ್ರ ಬೇಕು.

ಸನ್ಸ್-ವಿಒಸಿ ಮತ್ತು ಟಿಎಲ್ಎಂ, ಎರಡರ ಸಂಖ್ಯೆಗಳನ್ನೂ ಬರೆದು ಕಳಿಸಿ. ಪೇಸ್ಟ್ ವಿಚಾರ ಆಮೇಲೆ ನೋಡೋಣ.