“ಮುಂದಿನ ವಾರ ಬನ್ನಿ” ಎಂದವರ ಬಳಿಗೆ ಎಷ್ಟು ವಾರ ಹೋಗಬೇಕು?

ಪ್ರಶ್ನೆ: ನಾನು ಹನುಮಂತನಗರದಲ್ಲಿ ಮನೆಯಲ್ಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಮಾಡಿ ಸುತ್ತಮುತ್ತಲಿನ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೊಡುತ್ತಿದ್ದೇನೆ. ಎಂಟು ತಿಂಗಳಲ್ಲಿ ಇಪ್ಪತ್ತು ಅಂಗಡಿ ಸುತ್ತಿದರೂ ಖಾಯಂ ಆಗಿ ತೆಗೆದುಕೊಳ್ಳುವವರು ಐದೇ ಮಂದಿ. ಉಳಿದವರು “ಮುಂದಿನ ವಾರ ಬನ್ನಿ, ನೋಡೋಣ” ಎನ್ನುತ್ತಾರೆ. ದಿನವೂ ವಾಟ್ಸಾಪ್‌ನಲ್ಲಿ ದರಪಟ್ಟಿ ಕಳಿಸಿದರೂ ಉತ್ತರವಿಲ್ಲ. ಒಂದು ಅಂಗಡಿಯವರು ಮಾಲು ಪಡೆದು ಎರಡೂವರೆ ತಿಂಗಳಾದರೂ ಹಣ ಕೊಟ್ಟಿಲ್ಲ. ಮನೆಯವರು “ತಾಳಿದವನು ಬಾಳಿಯಾನು” ಎನ್ನುತ್ತಾರೆ. ಎಷ್ಟು ದಿನ ತಾಳಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮನೆಯವರ ಮಾತು ಅರ್ಧ ಸರಿ. ಅಂಗಡಿಯವರು ಮಾಲು ಒಪ್ಪಿಕೊಳ್ಳುವ ತನಕ ತಾಳ್ಮೆ ಬೇಕು. ಒಪ್ಪಿ ಇಳಿಸಿಕೊಂಡ ಮೇಲೆ ಹಣದ ವಿಷಯದಲ್ಲಿ ತಾಳುತ್ತಾ ಕೂತರೆ ಬಡ್ಡಿಯಿಲ್ಲದೆ ಕೈಸಾಲ ಕೊಟ್ಟಂತೆ.

ಮೊದಲು ಆ ಹದಿನೈದು ಅಂಗಡಿಗಳ ವಿಷಯ. ನೀವು ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಬರೆದಿಲ್ಲ. ಸಂಜೆ ಆರೂವರೆಗೆ ಕಾಂಡಿಮೆಂಟ್ಸ್ ಅಂಗಡಿಯ ಮಾಲೀಕರು ಒಂದು ಕೈಯಲ್ಲಿ ಕೋಡುಬಳೆ ತೂಗುತ್ತಾ, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾ, ಹಣ ಬಂತೆಂದು ಕೂಗುವ ಪೆಟ್ಟಿಗೆಯ ಕಡೆಗೆ ಕಿವಿ ಇಟ್ಟಿರುತ್ತಾರೆ. ಆಗ ಬರುವ “ಮುಂದಿನ ವಾರ ಬನ್ನಿ” ಎಂಬ ಉತ್ತರ ಎದುರಿನಿಂದ ಸರಿಯಿರಿ ಎಂದು ಹೇಳುವ ಮರ್ಯಾದೆಯ ರೀತಿಯಷ್ಟೇ. ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ ನೋಡಿ. ಕೊಳ್ಳುವ ತೀರ್ಮಾನ ಯಾರದು, ಗಲ್ಲಾದಲ್ಲಿ ಕೂತವರದೋ ಅವರ ಅಣ್ಣನದೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಪ್ರತಿ ಸಲವೂ “ಆರ್ಡರ್ ಕೊಡ್ತೀರಾ ಸಾರ್” ಎಂಬ ಒಂದೇ ಪ್ರಶ್ನೆ ಹಿಡಿದು ಹೋಗುವುದು ಪಟ್ಟು ಹಿಡಿದಂತಲ್ಲ, ಕಾಟ ಕೊಟ್ಟಂತೆ. ಒಂದು ಸಲ ಐವತ್ತು ಗ್ರಾಂ ಸಾರಿನ ಪುಡಿಯನ್ನು ಅವರ ಮನೆಗೆಂದೇ ಕೊಟ್ಟು ಬನ್ನಿ. ಮುಂದಿನ ಸಲ ಮಾರಾಟದ ಮಾತೆತ್ತದೆ, ಖಾರ ಹೆಚ್ಚಾಯಿತೇ, ಇಂಗು ಮುಂದಾಯಿತೇ ಎಂದಷ್ಟೇ ಕೇಳಿ. ಯಾರು ಯಾವ ತಾರೀಕಿಗೆ ಏನೆಂದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಿತೃಪಕ್ಷದಲ್ಲಿ ಹೊಸ ಮಾಲು ಇಡಲು ಹಿಂಜರಿಯುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಆ ಹದಿನೈದು ದಿನದ ನಿರಾಕರಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರು ಸಲ ಹೀಗೆ ಹೋದರೂ ಆಸಕ್ತಿ ತೋರದ ಅಂಗಡಿಯನ್ನು ಯುಗಾದಿಯ ತನಕ ಬಿಟ್ಟುಬಿಡುವುದು ನನ್ನ ಪದ್ಧತಿ.

ಐದು ಖಾಯಂ ಅಂಗಡಿಗಳನ್ನು ನೀವು ಕಡಿಮೆ ಎಂದುಕೊಂಡಿರುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ಜನರ ಮನೆಗೆ ಒಂದು ಪೊಟ್ಟಣ ಪುಡಿ ಎರಡು-ಮೂರು ವಾರವಾದರೂ ಬರುತ್ತದೆ. ಕೊಂಡವರು ಮತ್ತೆ ಬಂದು ಅದನ್ನೇ ಕೇಳುವ ಹೊತ್ತಿಗೆ ತಿಂಗಳು ಸರಿದಿರುತ್ತದೆ. ಅಲ್ಲಿ ನಿಮ್ಮ ಕೆಲಸ ಕಪಾಟು ನೋಡುವುದು. ಕೊಬ್ಬರಿ ಹಾಕಿದ ಚಟ್ನಿಪುಡಿ ಸಾರಿನ ಪುಡಿಗಿಂತ ಬೇಗ ಕಮಟುತ್ತದೆಯಾದ್ದರಿಂದ, ಹಳೆಯ ಪೊಟ್ಟಣಗಳನ್ನು ಅಂಗಡಿಯವರು ಹೇಳುವ ಮೊದಲೇ ವಾಪಸ್ಸು ತಂದು ಹೊಸದಿಡಿ.

ದಿನನಿತ್ಯದ ದರಪಟ್ಟಿಯನ್ನು ಇಂದೇ ನಿಲ್ಲಿಸಿ. ಹುರಿಯುವ ದಿನ ಮಾತ್ರ, ಹಿಂದೆ ಕೊಂಡವರಿಗೆ ಮಾತ್ರ, ಒಂದು ಸಾಲು ಬರೆದರೆ ಸಾಕು.

ಇನ್ನು ಬಾಕಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದೊಳಗೆ, ಒಪ್ಪಂದವಿದ್ದರೂ ಗರಿಷ್ಠ 45 ದಿನದೊಳಗೆ ಕೊಂಡವರು ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಪ್ರಯೋಜನಕ್ಕೆ ‘ಉದ್ಯಮ್’ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವುದು, ಬೇಕು; ಅದಕ್ಕೆ ಶುಲ್ಕವಿಲ್ಲ. ಮುಂದಿನ ಮಾಲು ಕಳಿಸುವ ಮೊದಲೇ ಮಾಡಿಸಿಕೊಳ್ಳಿ. ಎರಡು-ಮೂರು ಸಾವಿರಕ್ಕೆ ಯಾರೂ ದೂರು ಕೊಡಲು ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಮಾಲು ಇಳಿಸುವಾಗ ಚಲನ್ (ಕೊಟ್ಟ ಮಾಲಿನ ವಿವರದ ಚೀಟಿ) ಮೇಲೆ ಸಹಿ ಪಡೆಯಬಹುದು, ಹಳೇ ಬಾಕಿ ತೀರದೆ ಹೊಸ ಪೊಟ್ಟಣ ಕೊಡದಿರಬಹುದು. ಬಾಕಿ ಕೇಳಲು ಶುಕ್ರವಾರ ಹೋಗಬೇಡಿ, ಬೋಣಿಗೆ ಮುಂಚೆಯೂ ಹೋಗಬೇಡಿ; ಆ ಎರಡು ಹೊತ್ತಿನಲ್ಲಿ ಗಲ್ಲಾದಿಂದ ಹಣ ತೆಗೆಯದಿರಲು ಅವರಿಗೆ ಸಿದ್ಧ ಕಾರಣ ಇರುತ್ತದೆ.