ಹಳೇ ಕಾರಿಗೆ ಟೈಮಿಂಗ್ ಬೆಲ್ಟ್ ಒಂದನ್ನೇ ಬದಲಾಯಿಸಿದರೆ ಸಾಕಾ?

ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಹಲ್ಲಿನ ಪಟ್ಟಿ) ನೋಡೋದಕ್ಕೆ ಚೆನ್ನಾಗಿದೆ, ಗಾಡಿಯೂ ಜಾಸ್ತಿ ಓಡಿಲ್ಲ, ಹಾಕಿಸಲೇಬೇಕು ಅಂದರೆ ಬೆಲ್ಟ್ ಒಂದೇ ಸಾಲದಾ ಅಂತ ಕೇಳಿದ್ದೀರಿ. ಆ ಕೊನೆಯ ಮಾತನ್ನು ನಾನೂ ಒಮ್ಮೆ ಮೆಕ್ಯಾನಿಕ್ ಮುಂದೆ ಆಡಿದ್ದೆ. ಆಮೇಲೆ ಇಂಜಿನ್‌ನ ಹೆಡ್, ಅಂದರೆ ವಾಲ್ವ್‌ಗಳಿರುವ ಮೇಲಿನ ಭಾಗ, ಬಿಚ್ಚಿಸಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಹಿಂದಿನವರು ಬೆಲ್ಟ್ ಯಾವಾಗ ಹಾಕಿಸಿದ್ದರು ಅನ್ನೋದಕ್ಕೆ ಒಂದು ಚೀಟಿಯೂ ಇರಲಿಲ್ಲ. ಮೆಕ್ಯಾನಿಕ್ ಕವರ್ ತೆಗೆದು ನೋಡಿ, "ಬೆಲ್ಟ್ ಜೊತೆಗೆ ಟೆನ್ಷನರ್, ವಾಟರ್ ಪಂಪ್ ಎಲ್ಲಾ ಹಾಕಿಬಿಡೋಣ ಸಾರ್" ಅಂದರು. ಟೆನ್ಷನರ್ ಅಂದರೆ ಬೆಲ್ಟನ್ನು ಬಿಗಿಯಾಗಿಡುವ ಪುಲ್ಲಿ, ವಾಟರ್ ಪಂಪ್ ಅಂದರೆ ಇಂಜಿನ್ ತಂಪಾಗಿಡುವ ಕೂಲಂಟನ್ನು ಹರಿಸುವ ಪಂಪ್. ನನಗೆ ಅದು ಬಿಲ್ ಉಬ್ಬಿಸೋ ಮಾತು ಅನಿಸಿತು. ಪಂಪ್ ಸೋರುತ್ತಿಲ್ಲ, ಸದ್ದಿಲ್ಲ, ಇಂಜಿನ್ ಬಿಸಿಯಾಗುತ್ತಿಲ್ಲ. ಸರಿ ಇರೋದನ್ನು ಯಾಕೆ ಬಿಚ್ಚಬೇಕು? ಬೆಲ್ಟ್ ಒಂದೇ ಹಾಕಿ ಅಂದೆ. ಅವರು ಇನ್ನೊಂದು ಸಲ ಹೇಳಿದರು. ನಾನು ಬಗ್ಗಲಿಲ್ಲ.

ಇಲ್ಲಿ ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಪಂಪನ್ನು ಬೇರೆಯದೇ ಸಾಮಾನು ಅಂದುಕೊಂಡಿದ್ದೆ. ನನ್ನ ಇಂಜಿನ್‌ನಲ್ಲಿ ಆ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಅಂದರೆ ಬೆಲ್ಟ್ ಹೋಗುವ ದಾರಿಯಲ್ಲಿ ಎಷ್ಟು ಬೇರಿಂಗ್ ಇವೆಯೋ ಅಷ್ಟೂ ಸರಿಯಾಗಿ ತಿರುಗಬೇಕು. ಒಂದು ಬೇರಿಂಗ್ ಸಡಿಲವಾದರೆ ಪುಲ್ಲಿ ವಾಲುತ್ತದೆ, ಬೆಲ್ಟ್ ಅಂಚಿಗೆ ಸರಿದು ಸವೆಯುತ್ತದೆ. ಅದೇ ಬೇರಿಂಗ್ ಹಿಡಿದುಕೊಂಡರೆ ಇನ್ನೂ ಕೆಟ್ಟದ್ದು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಬೆಲ್ಟನ್ನು ಎಳೆಯುತ್ತಲೇ ಇರುತ್ತದೆ, ಪುಲ್ಲಿ ಬರುವುದಿಲ್ಲ, ಬೆಲ್ಟಿನ ಹಲ್ಲು ಕಿತ್ತು ಬರುತ್ತವೆ. ಬೆಲ್ಟ್ ಹೊಸದಾ ಹಳೆಯದಾ ಅನ್ನೋದು ಆಗ ಲೆಕ್ಕಕ್ಕೇ ಬರುವುದಿಲ್ಲ. ನನಗೆ ಆಗಿದ್ದು ಇದೇ. ಹೊಸ ಬೆಲ್ಟ್ ಇನ್ನೂ ಹೊಸದಾಗಿದ್ದಾಗಲೇ ಪಂಪಿನ ಬೇರಿಂಗ್ ಹಿಡಿಯಿತು. ಓಡುತ್ತಿದ್ದ ಇಂಜಿನ್ ಗಕ್ಕನೆ ನಿಂತಿತು. ಹೆಡ್ ಬಿಚ್ಚಿ ನೋಡಿದರೆ ವಾಲ್ವ್ ಬಾಗಿತ್ತು.

ಇನ್ನೊಂದು ವಿಷಯ. ಪಂಪ್ ಇರುವುದು ಬೆಲ್ಟಿನ ಹಿಂದೆ. ಅಲ್ಲಿಗೆ ಕೈ ಹೋಗಬೇಕಾದರೆ ಇಂಜಿನ್ ಮೌಂಟ್, ಕ್ರ್ಯಾಂಕ್ ಪುಲ್ಲಿ, ಕವರ್ ಎಲ್ಲಾ ಇಳಿಸಬೇಕು. ಬೆಲ್ಟ್ ಕೆಲಸದಲ್ಲಿ ದೊಡ್ಡ ಖರ್ಚು ಈ ಬಿಚ್ಚಿ ಜೋಡಿಸುವ ಕೂಲಿಯೇ. ಆ ಕೂಲಿ ಕೊಟ್ಟಾಗಿತ್ತು. ಪಂಪ್ ಕಣ್ಣೆದುರಿಗೇ ಇತ್ತು. ಅದನ್ನು ಹಾಗೇ ಬಿಟ್ಟು ಮುಚ್ಚಿಸಿದೆ. ಪಂಪ್ ಹಿಡಿಯದೆ ಬರೀ ಸೋರಿದ್ದರೂ ಅದೇ ಕೂಲಿ ಮತ್ತೆ ಕೊಡಬೇಕಿತ್ತು.

ವಾಲ್ವ್ ಬಾಗಿದ್ದು ಹೇಗೆ? ಕ್ರ್ಯಾಂಕ್ ಎರಡು ಸುತ್ತು ಹೋದರೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು ಹೋಗಬೇಕು. ಈ ತಾಳ ಕಾಯುವುದು ಬೆಲ್ಟ್. ನನ್ನಂಥ ಇಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗವನ್ನು ಸರದಿಯಲ್ಲಿ ಬಳಸುತ್ತವೆ. ಬೆಲ್ಟ್ ಹೋದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ, ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಇವಕ್ಕೆ ಇಂಟರ್‌ಫಿಯರೆನ್ಸ್ ಇಂಜಿನ್ ಅನ್ನುತ್ತಾರೆ. ಇನ್ನು ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಇರುತ್ತದೆ. ಅಲ್ಲಿ ಬೆಲ್ಟ್ ಹರಿದರೆ ಗಾಡಿ ನಿಲ್ಲುತ್ತದೆ, ಟೋ ಮಾಡಿಸಿ ಹೊಸದು ಹಾಕಿಸಿದರೆ ಆಯಿತು. ನಿಮ್ಮದು ಯಾವ ಜಾತಿ ಅಂತ ಮೊದಲು ತಿಳಿದುಕೊಳ್ಳಿ. ಕಾರು ಹಳೆಯದು, ಇಷ್ಟು ಖರ್ಚು ಯಾಕೆ ಅನ್ನೋ ಪ್ರಶ್ನೆ ಅದಾದ ಮೇಲೆ.

ಇನ್ನು "ನೋಡೋದಕ್ಕೆ ಚೆನ್ನಾಗಿದೆ" ಅನ್ನೋದನ್ನು ನಾನು ಒಪ್ಪುವುದೇ ಇಲ್ಲ. ಬೆಲ್ಟಿಗೆ ಬಲ ಕೊಡುವುದು ರಬ್ಬರಿನ ಒಳಗಿರುವ ದಾರಗಳು, ಸಾಮಾನ್ಯವಾಗಿ ಗ್ಲಾಸ್ ಫೈಬರಿನವು. ಅವು ಸೋತದ್ದು ಹೊರಗೆ ಕಾಣುವುದಿಲ್ಲ. ಬೆಲ್ಟಿನ ಬದಲು ಚೈನ್ ಇದ್ದರೆ ಅದು ಸವೆದಾಗ ಕರಕರ ಅಂದು ಎಚ್ಚರಿಸುವುದುಂಟು, ಬೆಲ್ಟ್ ಎಷ್ಟೋ ಸಲ ಸದ್ದೇ ಮಾಡದೆ ಹೋಗುತ್ತದೆ. ಕಡಿಮೆ ಓಡಿದೆ ಅನ್ನೋದೂ ಅಷ್ಟೇ. ನಿಂತ ಗಾಡಿಯಲ್ಲೂ ರಬ್ಬರಿಗೆ ವಯಸ್ಸಾಗುತ್ತದೆ, ಅಲ್ವಾ? ಅದಕ್ಕೇ ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಜೊತೆಗೆ ಎಷ್ಟೋ ಸಲ ವರ್ಷವನ್ನೂ ಹೇಳಿರುತ್ತಾರೆ. ಯಾವುದು ಮೊದಲು ಬರುತ್ತದೋ ಅದೇ ಗಡುವು. 1,00,000 ಕಿ.ಮೀ. ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಬೇಡಿ. ಇಂಜಿನ್ನಿಂದ ಇಂಜಿನ್ನಿಗೆ ಬೇರೆ ಇರುತ್ತದೆ. ದಾಖಲೆ ಇಲ್ಲ ಅಂದರೆ ಗಡುವು ಮೀರಿದೆ ಅಂತಲೇ ಇಟ್ಟುಕೊಳ್ಳಿ.

ಇನ್ನೇನು ತಿಂಗಳಲ್ಲಿ ಗುಜರಿಗೆ ಹಾಕುವ ಕಾರಾದರೆ ಬಿಟ್ಟುಬಿಡಿ. ಓಡಿಸುವುದಾದರೆ ಪೂರ್ತಿ ಮಾಡಿಸಿ: ಬೆಲ್ಟ್, ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಪುಲ್ಲಿ), ಬೆಲ್ಟಿನಿಂದಲೇ ತಿರುಗುವುದಾದರೆ ಪಂಪ್ ಕೂಡ. ಕ್ರ್ಯಾಂಕ್, ಕ್ಯಾಮ್ ಸೀಲುಗಳಲ್ಲಿ ಆಯಿಲ್ ಜಿನುಗುತ್ತಿದ್ದರೆ ಅವನ್ನೂ ಆಗಲೇ ಹಾಕಿಸಿ. ಬೆಲ್ಟ್ ಮೇಲೆ ಆಯಿಲ್ ಬಿದ್ದರೆ ರಬ್ಬರ್ ಹಾಳು.

ಸ್ವಂತ ಕೈಯಲ್ಲಿ ಮಾಡುವವರಾದರೆ ಕ್ರ್ಯಾಂಕ್, ಕ್ಯಾಮ್ ಪುಲ್ಲಿಗಳ ಟೈಮಿಂಗ್ ಮಾರ್ಕ್ ಕೂಡಿಸಿದ ತಕ್ಷಣ ಕೀ ತಿರುಗಿಸಬೇಡಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ, ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಜೋರು ಮಾಡಬೇಡಿ, ಅದು ವಾಲ್ವ್ ಆಗಿರಬಹುದು. ಪಂಪ್ ಬದಲಾಯಿಸಿದ್ದರೆ ಕೂಲಂಟ್ ತುಂಬಿಸಿ ಗಾಳಿ ತೆಗೆಯಬೇಕು. ಮೊದಲ ಕೆಲವು ಓಡಾಟದಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿಡಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ. ಇಳಿದಿದ್ದರೆ ತುಂಬಿಸಿ.